ಪಾಲುಪಟ್ಟಿ ಅಳಿಸಿಹೋದಾಗ

ಒಂದೇ ಸೂರಿನ ಕೆಳಗೆ ಎರಡು ಒಲೆ ಉರಿಯುವ ಮನೆಯನ್ನು ಕಾಣದವರು ವಿರಳ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ನಡುಮನೆಗೆ ಅಡ್ಡಗೋಡೆ ಏಳುತ್ತದೆ, ಕೊಪ್ಪರಿಗೆ, ಕೊಳದಪ್ಪಲೆ, ಮಣೆಗಳೆಲ್ಲ ಹಂಚಿಹೋಗುತ್ತವೆ. ಆದರೆ ತಲೆಬಾಗಿಲು ಮಾತ್ರ ಒಂದೇ ಆಗಿ ಉಳಿಯುತ್ತದೆ. ಬಂದ ನೆಂಟನು ಜಗಲಿಯಲ್ಲಿಯೇ ನಿಂತು, ತಾನು ಅಣ್ಣನ ಕಡೆಯವನೋ ತಮ್ಮನ ಕಡೆಯವನೋ ಎಂಬುದನ್ನು ತಿಳಿಸಿ ಒಳಹೋಗಬೇಕು. ಗೋಡೆಯ ಆಚೆ ಏನು ಬೇಯುತ್ತಿದೆ ಎಂಬುದು ಈಚೆಯವರಿಗೆ ವಾಸನೆಯಿಂದಷ್ಟೇ ಗೊತ್ತು. ಎಷ್ಟೋ ಸಲ ಅದೂ ಗೊತ್ತಾಗುವುದಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿದ್ದ ನಿವೃತ್ತ ಕನ್ನಡ ಮೇಷ್ಟ್ರ ಕಂಪ್ಯೂಟರು ಇಂಥದೇ ಒಂದು ಮನೆಯಾಗಿತ್ತು. 2010ರಲ್ಲಿ ಮಗ ಕೊಡಿಸಿದ್ದು. ಅದರ ಹೊಟ್ಟೆಯೊಳಗೆ 500 ಗಿಗಾಬೈಟಿನ ಒಂದು ಹಾರ್ಡ್ ಡಿಸ್ಕು. ಅದರ ಮುಕ್ಕಾಲು ಪಾಲು ವಿಂಡೋಸಿಗೆ ಸೇರಿದ್ದು. ಉಳಿದ ಕಾಲು ಪಾಲು ಲಿನಕ್ಸಿಗೆ. ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಎರಡು ಹೆಸರುಗಳುಳ್ಳ ಒಂದು ಪಟ್ಟಿ ಕಾಣಿಸಿಕೊಂಡು, ಯಾರ ಮನೆಗೆ ಬಂದಿರಿ ಎಂದು ಕೇಳುವುದು. ಈ ದ್ವಾರಪಾಲಕನಿಗೆ ಗ್ರಬ್ ಎಂದು ಹೆಸರು. ಬೆಂಗಳೂರಿನಿಂದ ಮಗ ಬಂದರೆ ವಿಂಡೋಸು. ಮೇಷ್ಟ್ರು ಕುಳಿತರೆ ಲಿನಕ್ಸು.

ಲಿನಕ್ಸನ್ನು ತಂದು ನೆಲೆಗೊಳಿಸಿದವನು ಮೇಷ್ಟ್ರ ಹಳೆಯ ಶಿಷ್ಯ. ತರಗತಿಯಲ್ಲಿ ಸಂಧಿಸಮಾಸಗಳಿಗೆ ಹೆದರಿ ಕೊನೆಯ ಬೆಂಚಿನಲ್ಲಿ ಅಡಗುತ್ತಿದ್ದ ಹುಡುಗ, ಬೆಳೆದು ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿಯೊಂದನ್ನು ಇಟ್ಟುಕೊಂಡಿದ್ದ. 2013ರಲ್ಲಿ ಒಮ್ಮೆ ಬಂದಾಗ, “ಇದಕ್ಕೆ ಕಾಸು ಕೊಡಬೇಕಾಗಿಲ್ಲ ಸಾರ್. 1991ರಲ್ಲಿ ಫಿನ್‌ಲೆಂಡಿನ ಒಬ್ಬ ವಿದ್ಯಾರ್ಥಿ ಆರಂಭಿಸಿದ್ದು, ಈಗ ಊರೂರಿನ ಜನ ಸೇರಿ ಬೆಳೆಸುತ್ತಿದ್ದಾರೆ” ಎಂದಿದ್ದ. ವಿದ್ಯಾರ್ಥಿಯೊಬ್ಬನ ಕೃತಿ ಎಂದೊಡನೆ ಮೇಷ್ಟ್ರ ಮನಸ್ಸು ಕರಗಿತು. ಅಂದಿನಿಂದ ಅವರ ಬರಹ, ಪತ್ರಗಳ ಕರಡು, ಅಕ್ಕಯ್ಯನ ಹಾಡುಗಳು ಎಲ್ಲವೂ ಆ ಕಾಲು ಪಾಲಿನಲ್ಲಿಯೇ ವಾಸಮಾಡಿದವು.

ಅಕ್ಕಯ್ಯ ಎಂದರೆ ಮೇಷ್ಟ್ರ ಹಿರಿಯಕ್ಕ. ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಸಮೀಪದ ಇನ್ನೊಂದು ಹಳ್ಳಿಗೆ ಸೊಸೆಯಾಗಿ ಹೋದಾಕೆ. ಸ್ಲೇಟು ಹಿಡಿದದ್ದು ಎರಡೇ ವರ್ಷ. ಆದರೆ ತಲೆಯೊಳಗೆ ಹಸೆಗೆ ಕರೆಯುವ ಹಾಡು, ಬೀಗರನ್ನು ಹಂಗಿಸುವ ಹಾಡು, ಉರುಟಣೆಯ ಹಾಡು, ತೊಟ್ಟಿಲ ಹಾಡು, ಬೀಸುಕಲ್ಲಿನ ಹಾಡು ಎಂದು ಒಂದು ಭಂಡಾರವೇ ಇತ್ತು. 2014ರ ಚಳಿಗಾಲದಲ್ಲಿ ಆಕೆ ಮೈಸೂರಿಗೆ ಬಂದು ಒಂದು ತಿಂಗಳು ಉಳಿದಾಗ, ಮೇಷ್ಟ್ರು ಅಂಗೈಯಗಲದ ಧ್ವನಿಗ್ರಾಹಕವನ್ನು ಎದುರಿಗಿಟ್ಟು ಅರುವತ್ತಮೂರು ಹಾಡುಗಳನ್ನು ಹಿಡಿದಿಟ್ಟರು. “ಸತ್ತಮೇಲೆ ಕೇಳುವುದಕ್ಕೋ?” ಎಂದು ಅಕ್ಕಯ್ಯ ನಕ್ಕಿದ್ದಳು. 2016ರ ಕಾರ್ತಿಕದಲ್ಲಿ ಆಕೆ ತೀರಿಕೊಂಡಳು. ನಗೆಯ ಮಾತು ನಿಜವಾಯಿತು. ಪ್ರತಿ ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯಲ್ಲಿ ಅಕ್ಕಯ್ಯನ ಧ್ವನಿ ಕೇಳಿಸುವುದು ಒಂದು ನೇಮವಾಯಿತು. ಧ್ವನಿಗ್ರಾಹಕದ ಪುಟ್ಟ ಕಾರ್ಡನ್ನು ಮೇಷ್ಟ್ರು ಎಂದೋ ಖಾಲಿಮಾಡಿ ಬೇರೆ ಕೆಲಸಕ್ಕೆ ಬಳಸಿದ್ದರು. ಹಾಡುಗಳ ಇನ್ನೊಂದು ನಕಲು ಎಲ್ಲಿಯೂ ಇರಲಿಲ್ಲ. ಇರಬೇಕೆಂದು ಅವರಿಗೆ ತೋಚಿಯೂ ಇರಲಿಲ್ಲ.

2019ರ ಬೇಸಿಗೆಯ ರಜೆಗೆ ಹದಿಮೂರು ವರ್ಷದ ಮೊಮ್ಮಗ ಬಂದ. ಬರುವಾಗಲೇ ಹೊಸದೊಂದು ಆಟವನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ. ಆ ಆಟಕ್ಕೆ ನಲವತ್ತು ಗಿಗಾಬೈಟು ಜಾಗ ಬೇಕು. ವಿಂಡೋಸಿನ ಪಾಲಿನಲ್ಲಿ ಅಷ್ಟು ಜಾಗವಿಲ್ಲ. ಹುಡುಗ ಜಾಣ. ಡಿಸ್ಕನ್ನು ಹಂಚಿ ತೋರಿಸುವ ವಿಂಡೋಸಿನ ಸಲಕರಣೆಯನ್ನು ತೆರೆದು ನೋಡಿದ. ಅಲ್ಲಿ ನಾಲ್ಕು ಪಟ್ಟೆಗಳು ಕಂಡವು. ಮೊದಲನೆಯದು ಯಂತ್ರವನ್ನು ಎಬ್ಬಿಸುವ ಸಣ್ಣ ಪಾಲು, ಎರಡನೆಯದು ಸಿ, ಮೂರನೆಯದು ಡಿ, ನಾಲ್ಕನೆಯದಕ್ಕೆ ಹೆಸರಿಲ್ಲ, ಅಕ್ಷರವಿಲ್ಲ, ಒಳಗೆ ಏನಿದೆ ಎಂಬ ಲೆಕ್ಕವಿಲ್ಲ. ಲಿನಕ್ಸಿನ ಕಡತಗಳನ್ನು ಓದುವ ವಿದ್ಯೆ ಆ ವಿಂಡೋಸಿಗೆ ತಿಳಿಯದು. ಗೋಡೆಯ ಆಚೆಯ ಸಂಸಾರ ಅದರ ಕಣ್ಣಿಗೆ ಬೀಳದು. ನೂರಿಪ್ಪತ್ತು ಗಿಗಾಬೈಟು ಬಂಜರು ಬಿದ್ದಿದೆ ಎಂದು ಹುಡುಗ ಬಗೆದ. ಅಳಿಸು ಎಂದ. ಯಂತ್ರವು ಎಚ್ಚರಿಕೆಯ ಮಾತೊಂದನ್ನು ತೋರಿಸಿತು. ಹದಿಮೂರನೆಯ ವಯಸ್ಸಿನಲ್ಲಿ ಎಚ್ಚರಿಕೆಯ ಮಾತನ್ನು ಪೂರ್ತಿಯಾಗಿ ಓದಿದವರು ಯಾರಿದ್ದಾರೆ? ಹೌದು ಎಂದು ಒತ್ತಿದ. ಹೊಸ ಪಾಲು ಮಾಡಿ ಅದನ್ನು ಫಾರ್ಮ್ಯಾಟು ಮಾಡಲು ಕೈಯಿಡಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿಯ ಕೂಗು ಬಂತು. “ಮಾವಿನಹಣ್ಣಿನ ಸೀಕರಣೆ ಮಾಡಿದ್ದೇನೆ, ಬಾರೋ. ಆಮೇಲೆ ಸಿಗುವುದಿಲ್ಲ.” ಯಂತ್ರವನ್ನು ಆರಿಸಿ ಹುಡುಗ ಎಲೆಯ ಮುಂದೆ ಕುಳಿತ. ಅಂದಿನ ಸೀಕರಣೆಯ ಉಪಕಾರವೇನೆಂಬುದು ಮಾರನೆಯ ದಿನ ತಿಳಿಯಿತು.

ಅಂದು ಶುಕ್ರವಾರ. ಸಂಜೆ ದೀಪ ಹಚ್ಚಿ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕುಳಿತರು. ಎಂದಿನ ಪಟ್ಟಿ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಸಾಲು. ಅಂಥ ಪಾರ್ಟಿಷನ್ ಇಲ್ಲ ಎಂದು ಮೊದಲನೆಯದು; ಗ್ರಬ್ ರೆಸ್ಕ್ಯೂ ಎಂದು ಎರಡನೆಯದು. ರೆಸ್ಕ್ಯೂ ಎಂದರೆ ರಕ್ಷಣೆ ಎಂಬುದು ಮೇಷ್ಟ್ರಿಗೆ ಗೊತ್ತು. ಆದರೆ ರಕ್ಷಿಸುವವರು ಯಾರು, ರಕ್ಷಿಸಬೇಕಾದುದು ಯಾವುದು? ಆರಿಸಿ ಮತ್ತೆ ಹಚ್ಚಿದರು. ಅದೇ ಎರಡು ಸಾಲು. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

“ಅಕ್ಕಯ್ಯನ ಹಾಡು ಹಾಕಲಿಲ್ಲವೇ?” ಎಂದು ಒಳಗಿನಿಂದ ಮನೆಯಾಕೆ ಕೇಳಿದರು. ಮೇಷ್ಟ್ರು ಉತ್ತರ ಹೇಳಲಿಲ್ಲ. ಕೀಲಿಮಣೆಯ ಮೇಲೆ ಎರಡೂ ಕೈಗಳನ್ನಿಟ್ಟು ಹಾಗೆಯೇ ಕುಳಿತಿದ್ದರು. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗನಿಗೆ ಆ ಕೈಗಳನ್ನು ನೋಡಲಾಗಲಿಲ್ಲ.

“ತಾತ, ನಾನೇ ಅಳಿಸಿದೆ. ಖಾಲಿ ಇದೆ ಅಂದುಕೊಂಡೆ.”

ಮೇಷ್ಟ್ರು ಮೊಮ್ಮಗನ ಮುಖವನ್ನೊಮ್ಮೆ ನೋಡಿ, ಎದ್ದು ಹೊರಗಿನ ಜಗಲಿಗೆ ಹೋಗಿ ಕುಳಿತರು. ಮೂವತ್ತೈದು ವರ್ಷ ಮಕ್ಕಳನ್ನು ಗದರಿಸಿ ಬಾಳಿದ ಮನುಷ್ಯ ಅಂದು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹುಡುಗನಿಗೆ ಹಗುರವಾಗುತ್ತಿತ್ತು. ರಾತ್ರಿ ಅವನು ಉಣ್ಣಲಿಲ್ಲ. ಸೀಕರಣೆ ಪಾತ್ರೆಯಲ್ಲಿಯೇ ಉಳಿಯಿತು.

ಮನೆಯಲ್ಲಿ ಜ್ವರ ಬಂದರೆ ಕೇರಿಯವರೆಲ್ಲ ವೈದ್ಯರು. ಕಂಪ್ಯೂಟರು ಕೆಟ್ಟರೂ ಹಾಗೆಯೇ. ಸುದ್ದಿ ಕೇಳಿ ಬಂದ ಪಕ್ಕದ ಮನೆಯ ಗುಮಾಸ್ತರು, “ಎಲ್ಲವನ್ನೂ ಒಮ್ಮೆ ಫಾರ್ಮ್ಯಾಟು ಮಾಡಿಸಿಬಿಡಿ, ಹೊಸದರಂತೆ ಓಡುತ್ತದೆ” ಎಂದರು. ಅದು ನಿಜ. ಮನೆಯನ್ನು ಕೆಡವಿ ಕಟ್ಟಿದರೆ ಸೋರುವ ಮಾಡು ನಿಲ್ಲುತ್ತದೆ. ಒಳಗಿದ್ದವರ ಗತಿಯೇನು ಎಂಬುದು ಬೇರೆಯ ಪ್ರಶ್ನೆ. ಎದುರುಮನೆಯ ಕಾಲೇಜು ಹುಡುಗ, ವಿಂಡೋಸಿನ ಸಿ.ಡಿ. ಹಾಕಿ ಬೂಟನ್ನು ದುರಸ್ತಿ ಮಾಡಿಕೊಡುತ್ತೇನೆ ಎಂದ. ಅವನ ಮಾತಿನಲ್ಲಿಯೂ ಸುಳ್ಳಿಲ್ಲ. ಆದರೆ ಅದರಿಂದ ಎಚ್ಚರಗೊಳ್ಳುತ್ತಿದ್ದುದು ವಿಂಡೋಸು ಮಾತ್ರ. ಲಿನಕ್ಸಿನ ಪಾಲಿಗೆ ಅದರಿಂದ ಏನೂ ಸಹಾಯವಾಗದು. ಇನ್ನೊಬ್ಬರು ಹೊಸ ಯಂತ್ರವನ್ನೇ ಕೊಳ್ಳಿರೆಂದರು. ಎಲ್ಲರೂ ಕಂಪ್ಯೂಟರನ್ನು ಉಳಿಸುವ ದಾರಿ ಹೇಳಿದರು. ಮೇಷ್ಟ್ರಿಗೆ ಬೇಕಾಗಿದ್ದುದು ಕಂಪ್ಯೂಟರಲ್ಲ.

ಶಿಷ್ಯನಿಗೆ ಫೋನು ಮಾಡಿದಾಗ ಅವನು ಕೇಳಿದ್ದು ಒಂದೇ ಮಾತು. “ಅಳಿಸಿದ ಮೇಲೆ ಆ ಜಾಗದಲ್ಲಿ ಯಾರಾದರೂ ಏನಾದರೂ ಬರೆದರೇ ಸಾರ್?” ಇಲ್ಲವೆಂದು ತಿಳಿದಾಗ, “ಹಾಗಾದರೆ ಸ್ವಿಚ್ಚು ಆರಿಸಿ, ತಂತಿಯನ್ನೇ ಕಿತ್ತಿಡಿ. ನಾನು ಬೆಳಿಗ್ಗೆ ಬರುವವರೆಗೆ ದೇವರೇ ಬಂದು ಕೇಳಿದರೂ ಹಚ್ಚಬೇಡಿ” ಎಂದ. ದುರಸ್ತಿಯ ಮೊದಲ ಹೆಜ್ಜೆ ಏನನ್ನೂ ಮಾಡದಿರುವುದು. ಕಳವಾದ ಮನೆಯಲ್ಲಿ ಪೊಲೀಸಿನವರು ಬರುವ ಮೊದಲು ಗುಡಿಸಿ ಸಾರಿಸಬಾರದು ಎನ್ನುವ ಹಾಗೆ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಶಿಷ್ಯ ಬಂದ. ಕೈಯಲ್ಲಿ ಒಂದು ಪೆನ್‌ಡ್ರೈವು, ಚೀಲದಲ್ಲಿ ಒಂದು ಟೆರಾಬೈಟಿನ ಹೊಸ ಡಿಸ್ಕು. ಕಾಫಿ ಕುಡಿಯುತ್ತ, ಹುಡುಗನನ್ನು ಹತ್ತಿರ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದ. ಆ ಡಿಸ್ಕಿನಲ್ಲಿ ಸುಮಾರು 97 ಕೋಟಿ 67 ಲಕ್ಷ ಖಾನೆಗಳು. ಒಂದೊಂದು ಖಾನೆಯಲ್ಲಿ 512 ಬೈಟು. ಇವುಗಳಲ್ಲಿ ಮೊಟ್ಟಮೊದಲಿನ ಖಾನೆಯೇ ಯಜಮಾನ. ಅದರ 512 ಬೈಟುಗಳಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಕಾರ್ಯಕ್ಕೆ. ಕೊನೆಯ ಎರಡು ಬೈಟು ಮೊಹರಿಗೆ. ನಡುವಿನ 64 ಬೈಟು ಪಾರ್ಟಿಷನ್ ಟೇಬಲಿಗೆ. ಹದಿನಾರು ಬೈಟುಗಳ ನಾಲ್ಕೇ ಸಾಲು. ಇಂಥ ಪಾಲು ಇಂಥ ಖಾನೆಯಲ್ಲಿ ಆರಂಭ, ಇಷ್ಟು ಖಾನೆ ಉದ್ದ, ಇಂಥ ಜಾತಿಯದು ಎಂದು ಒಂದೊಂದು ಸಾಲೂ ಹೇಳುತ್ತದೆ. ಗಟ್ಟಿ ಡಿಸ್ಕುಗಳುಳ್ಳ ಪರ್ಸನಲ್ ಕಂಪ್ಯೂಟರುಗಳು ಬಂದ 1983ರ ಕಾಲದ ಏರ್ಪಾಡು ಇದು.

“ಎಂದರೆ ಪಾಲುಪಟ್ಟಿ” ಎಂದರು ಮೇಷ್ಟ್ರು. ಹಿಂದಿನ ಸಂಜೆಯಿಂದ ಅವರು ಆಡಿದ ಮೊದಲ ಉದ್ದದ ಮಾತು ಅದು. ಹಳ್ಳಿಯಲ್ಲಿ ಆಸ್ತಿ ವಿಭಾಗವಾದಾಗ ಬರೆಯಿಸುವ ಪತ್ರಕ್ಕೆ ಆ ಹೆಸರು.

“ಸರಿಯಾಗಿ ಹೇಳಿದಿರಿ ಸಾರ್. ಇವನು ಅಳಿಸಿದ್ದು ಆ ಪಟ್ಟಿಯ ನಾಲ್ಕನೆಯ ಸಾಲನ್ನು. ಹದಿನಾರು ಬೈಟು, ಅಷ್ಟೇ. ತೋಟವನ್ನಲ್ಲ.”

ಪತ್ರ ಸುಟ್ಟುಹೋದರೆ ತೋಟ ಸುಡುವುದಿಲ್ಲ. ಅಡಕೆ ಮರಗಳು ನಿಂತಲ್ಲಿಯೇ ನಿಂತಿರುತ್ತವೆ. ಆದರೆ ಪತ್ರವಿಲ್ಲದ ಭೂಮಿಯನ್ನು ಬಯಲೆಂದು ತಿಳಿದು ಇನ್ನೊಬ್ಬ ಬಂದು ನೇಗಿಲು ಹೂಡಿದರೆ ಕೆಟ್ಟಿತು. ಫಾರ್ಮ್ಯಾಟು ಮಾಡುವುದೆಂದರೆ ನೇಗಿಲು ಹೂಡಿದಂತೆಯೇ. ಸೀಕರಣೆಯ ಕರೆ ಐದು ನಿಮಿಷ ತಡವಾಗಿದ್ದರೆ ಅಕ್ಕಯ್ಯನ ಹಾಡುಗಳ ಮೇಲೆ ಹೊಸ ಉಳುಮೆಯ ಸಾಲುಗಳು ಬೀಳುತ್ತಿದ್ದವು. ಇನ್ನು ಕಪ್ಪು ಪರದೆಯ ಒಗಟು: ಗ್ರಬ್ ಎಂಬ ದ್ವಾರಪಾಲಕನ ತಲೆ ಮೊದಲ ಖಾನೆಯಲ್ಲಿದ್ದರೂ, ಅವನ ಕಡತಗಳೆಲ್ಲ ಲಿನಕ್ಸಿನ ಪಾಲಿನಲ್ಲಿದ್ದವು. ಆ ಪಾಲು ಪಟ್ಟಿಯಿಂದ ಮಾಯವಾದೊಡನೆ ಅವನು ದಿಕ್ಕುತಪ್ಪಿ ಬಾಗಿಲಲ್ಲಿಯೇ ನಿಂತ. ಆದ್ದರಿಂದಲೇ ಯಾವ ಊನವೂ ಆಗದಿದ್ದ ವಿಂಡೋಸಿಗೂ ದಾರಿ ಸಿಗಲಿಲ್ಲ.

ಪತ್ರವಿಲ್ಲದೆ ಗಡಿಯನ್ನು ಗೊತ್ತುಮಾಡುವುದು ಹೇಗೆ? ಇದಕ್ಕೆ ಉತ್ತರ ಮೇಷ್ಟ್ರಿಗೆ ಅರುವತ್ತು ವರ್ಷದ ಹಿಂದೆಯೇ ತಿಳಿದಿತ್ತು. ಅವರು ಹುಡುಗನಾಗಿದ್ದಾಗ ಒಂದು ಮಳೆಗಾಲದಲ್ಲಿ ಹಳ್ಳ ಉಕ್ಕಿ, ದೊಡ್ಡಪ್ಪನ ತೋಟಕ್ಕೂ ಅವರ ತೋಟಕ್ಕೂ ನಡುವಿನ ಗಡಿಕಲ್ಲು ಕೊಚ್ಚಿಹೋಗಿತ್ತು. ಹಿರಿಯರ ನಡುವೆ ಮಾತು ನಿಂತಿತು. ಸರ್ವೆಯವನು ಸರಪಳಿ ಹಿಡಿದು ಬಂದ. ಆಗ ಇಪ್ಪತ್ತು ವರ್ಷದವಳಾಗಿದ್ದ ಅಕ್ಕಯ್ಯ ತೋಟಕ್ಕೆ ಬಂದು, “ರಂಜದ ಮರದಿಂದ ಬಾವಿಯ ಕಡೆಗೆ ಒಂಬತ್ತು ಹೆಜ್ಜೆ. ದಿನವೂ ಹೂ ಆರಿಸುವಾಗ ಆ ಕಲ್ಲಿನ ಮೇಲೆ ಬುಟ್ಟಿ ಇಡುತ್ತಿದ್ದೆ” ಎಂದಳು. ಅಲ್ಲಿ ಅಗೆದಾಗ ಮುರಿದ ಕಲ್ಲಿನ ಬುಡ ಸಿಕ್ಕಿತು. ಪತ್ರ ಮೌನವಾದಾಗ ನೆಲದ ಗುರುತುಗಳು ಸಾಕ್ಷಿ ಹೇಳುತ್ತವೆ.

ಡಿಸ್ಕಿನೊಳಗೂ ಅಂಥ ರಂಜದ ಮರಗಳುಂಟು. ಲಿನಕ್ಸಿನ ಪಾಲುಗಳಲ್ಲಿ ಸಾಮಾನ್ಯವಾಗಿ ಆರಂಭದಿಂದ 1,024 ಬೈಟುಗಳಷ್ಟು ಒಳಗೆ ಸೂಪರ್‌ಬ್ಲಾಕ್ ಎಂಬ ಒಂದು ಮೂಲಪತ್ರವಿರುತ್ತದೆ. ಪಾಲಿನ ಗಾತ್ರವೆಷ್ಟು, ಕಡತಗಳ ಲೆಕ್ಕವೇನು ಎಂಬುದೆಲ್ಲ ಅದರಲ್ಲಿ ಬರೆದಿದೆ. ಗುರುತಿಗಾಗಿ ಒಂದು ನಿಶ್ಚಿತ ಸಂಖ್ಯೆಯ ಮುದ್ರೆಯೂ ಇದೆ. ಆ ಮೂಲಪತ್ರ ಕೆಟ್ಟರೆ ಇರಲೆಂದು ಅದರ ನಕಲುಗಳನ್ನು ಪಾಲಿನ ಒಳಗೆ ಅಲ್ಲಲ್ಲಿ ಹೂತಿಟ್ಟಿರುತ್ತಾರೆ. ಸಾಮಾನ್ಯವಾಗಿ ಮೊದಲ ನಕಲು 32,768ನೆಯ ಬ್ಲಾಕಿನಲ್ಲಿ. ವಿಂಡೋಸಿನ ಪಾಲಿಗೂ ಇಂಥ ರಕ್ಷೆಯಿದೆ. ಅದರ ಮೊದಲ ಖಾನೆಯ ನಕಲು ಪಾಲಿನ ಕಟ್ಟಕಡೆಯ ಖಾನೆಯಲ್ಲಿ ಕುಳಿತಿರುತ್ತದೆ. ಈ ಗುರುತುಗಳನ್ನು ಅರಸುತ್ತ ಡಿಸ್ಕಿನ ಉದ್ದಕ್ಕೂ ನಡೆದು, ಅಳಿಸಿಹೋದ ಪಾಲುಪಟ್ಟಿಯನ್ನು ಊಹಿಸಿ ಬರೆಯುವ ಸರ್ವೆಯವನೊಬ್ಬನಿದ್ದಾನೆ. ಅವನಿಗೆ ಟೆಸ್ಟ್‌ಡಿಸ್ಕ್ ಎಂದು ಹೆಸರು. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಎಂಬವರು ರಚಿಸಿದ್ದು; ಇದೂ ಯಾರು ಬೇಕಾದರೂ ಕಾಸಿಲ್ಲದೆ ಪಡೆಯಬಹುದಾದ ಸಾಧನ.

“ಹಾಗಾದರೆ ಅದನ್ನು ಈಗಲೇ ಓಡಿಸಿ ಅಂಕಲ್” ಎಂದ ಹುಡುಗ.

“ಆತುರದಿಂದಲೇ ಅಲ್ಲವೇ ಇಷ್ಟಾದದ್ದು?” ಎಂದು ಶಿಷ್ಯ ನಕ್ಕ. “ಮೊದಲು ನಕಲು. ಮೂಲದ ಮೇಲೆ ಕೈಯಿಡಬಾರದು.”

ಪೆನ್‌ಡ್ರೈವಿನಲ್ಲಿ ಒಂದು ಇಡೀ ಲಿನಕ್ಸು ಇತ್ತು. ಯಂತ್ರವು ಅದರಿಂದಲೇ ಎಚ್ಚರಗೊಂಡಿತು. ಗಾಯಗೊಂಡ ಡಿಸ್ಕು ನಿದ್ರೆಯಲ್ಲಿಯೇ ಇತ್ತು. ಹೊಸ ಡಿಸ್ಕನ್ನು ಒಳಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಹಳೆಯದನ್ನು ಮೊದಲ ಖಾನೆಯಿಂದ ಕೊನೆಯ ಖಾನೆಯವರೆಗೆ ಪ್ರತಿಮಾಡಲು ಆರಂಭಿಸಿದರು. ಯಾವುದು ಮೂಲ, ಯಾವುದು ನಕಲು ಎಂಬುದನ್ನು ಶಿಷ್ಯ ಮೂರು ಸಲ ಓದಿ ನೋಡಿದ. ಹುಡುಗನಿಂದಲೂ ಗಟ್ಟಿಯಾಗಿ ಓದಿಸಿದ. ಎರಡು ಹೆಸರುಗಳು ಹಿಂದುಮುಂದಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಹರಿದು ಎಲ್ಲವನ್ನೂ ಒರಸಿಹಾಕುತ್ತದೆ.

ಮೊದಲ ಒಂದು ಗಂಟೆ ಅಂಕೆಗಳು ಸರಸರನೆ ಓಡಿದವು. ಬಳಿಕ ಒಂದು ಕಡೆ ಡಿಸ್ಕು ಕಿಟಕ್ ಎಂದಿತು, ಮತ್ತೆ ಎಂದಿತು. ಶಿಷ್ಯನ ಮುಖ ಗಂಭೀರವಾಯಿತು. ಒಂಬತ್ತು ವರ್ಷ ತಿರುಗಿದ ಡಿಸ್ಕು; ಪಾಲುಪಟ್ಟಿ ಹೋಗದಿದ್ದರೂ ಅದರ ಆಯುಸ್ಸು ಮುಗಿಯುತ್ತ ಬಂದಿತ್ತು. ಡಿಡಿರೆಸ್ಕ್ಯೂ ಇಂಥ ಸಮಯಕ್ಕೆ ಒದಗುವ ಸಾಧನ. ಓದಲಾಗದ ಜಾಗದಲ್ಲಿ ಅದು ಹಟಹಿಡಿದು ನಿಲ್ಲುವುದಿಲ್ಲ. ಗುರುತುಹಾಕಿಕೊಂಡು ಮುಂದೆ ಸಾಗುತ್ತದೆ. ಸುಲಭವಾದುದನ್ನೆಲ್ಲ ಸಾಗಿಸಿದ ಮೇಲೆ ಹಿಂತಿರುಗಿ ಕಷ್ಟದ ಖಾನೆಗಳ ಬಳಿ ಕುಳಿತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬೆಂಕಿ ಬಿದ್ದ ಮನೆಯಲ್ಲಿ ಮೊದಲು ತೊಟ್ಟಿಲನ್ನು ಹೊರಗೆ ತರಬೇಕು. ಬೀಗ ಜಡಿದ ಪೆಟ್ಟಿಗೆಯ ಮುಂದೆ ಕೀಲಿ ಹುಡುಕುತ್ತ ನಿಲ್ಲಬಾರದು.

ಕಾಯುವ ಹೊತ್ತಿನಲ್ಲಿ ಶಿಷ್ಯ ಹುಡುಗನಿಗೆ ಹಲವು ಸಂಗತಿಗಳನ್ನು ಹೇಳಿದ. ಹೊಸ ಯಂತ್ರಗಳಲ್ಲಿ ಈ ನಾಲ್ಕು ಸಾಲಿನ ಪಟ್ಟಿ ಹೋಗಿ ಜಿ.ಪಿ.ಟಿ. ಎಂಬ ದೊಡ್ಡ ಪಟ್ಟಿ ಬಂದಿದೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಯುಂಟು. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆದಿಯಲ್ಲಿ, ಇನ್ನೊಂದು ಅಂತ್ಯದಲ್ಲಿ. ಆದರೂ ಬುದ್ಧಿಪೂರ್ವಕವಾಗಿ ಪಾಲನ್ನು ಅಳಿಸಿದರೆ ಎರಡು ಪ್ರತಿಗಳಿಂದಲೂ ಅದು ಅಳಿಸಿಹೋಗುತ್ತದೆ. ಎರಡು ಪ್ರತಿ ಇದೆಯೆಂದು ಮೈಮರೆಯಬಾರದು. ತಿರುಗುವ ತಟ್ಟೆಗಳಿಲ್ಲದ ಎಸ್.ಎಸ್.ಡಿ.ಗಳಲ್ಲಂತೂ ಖಾಲಿಯೆಂದು ಸಾರಿದ ಜಾಗವನ್ನು ಡಿಸ್ಕು ತಾನಾಗಿಯೇ ತೊಳೆದು ಸಿದ್ಧಮಾಡಿಕೊಳ್ಳುತ್ತದೆ. ಟ್ರಿಮ್ ಎಂಬುದು ಅದಕ್ಕೆ ಕೊಡುವ ಅಪ್ಪಣೆ. ಅಲ್ಲಿ ಫಾರ್ಮ್ಯಾಟು ಮಾಡಿದ ಮೇಲೆ ಹಿಂದಿನದನ್ನು ಅಗೆದು ತೆಗೆಯುವ ಆಸೆ ಬಲು ಕಡಿಮೆ. ಈ ಮನೆಯ ಡಿಸ್ಕು ಹಳೆಯದಾದದ್ದೇ ಅದೃಷ್ಟ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮುಂದಕ್ಕೆ, ಯಂತ್ರವನ್ನು ಆರಿಸಿದಾಗ ವಿಂಡೋಸು ಪೂರ್ತಿಯಾಗಿ ಮಲಗುವುದಿಲ್ಲ. ಬೇಗನೆ ಏಳುವ ಸಲುವಾಗಿ ತನ್ನ ನೆನಪಿನ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಯಲ್ಲಿರುತ್ತದೆ. ಆಗ ಲಿನಕ್ಸಿನ ಕಡೆಯಿಂದ ಹೋಗಿ ವಿಂಡೋಸಿನ ಪಾಲಿನಲ್ಲಿ ಬರೆದರೆ, ಎದ್ದಮೇಲೆ ಅದಕ್ಕೆ ತನ್ನ ಮನೆಯೇ ಗುರುತು ಸಿಗದೆ ಕಡತಗಳು ಕೆಡಬಹುದು. ಎರಡು ಸಂಸಾರವುಳ್ಳ ಯಂತ್ರದಲ್ಲಿ ಆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯವನ್ನು ತೆಗೆದುಹಾಕುವುದು ಲೇಸು. ಮಲಗಿರುವವರ ಮನೆಯಲ್ಲಿ ಸಾಮಾನು ಸರಿಸಬಾರದು ಎಂದು ಮೇಷ್ಟ್ರು ಅದನ್ನೊಂದು ನೀತಿವಾಕ್ಯವಾಗಿ ಮಾಡಿಕೊಟ್ಟರು.

ನಕಲು ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಎಷ್ಟು ಪ್ರಯತ್ನಿಸಿದರೂ ಓದಲಾಗದೆ ಉಳಿದವು ಇನ್ನೂರು ಚಿಲ್ಲರೆ ಖಾನೆಗಳು. ತೊಂಬತ್ತೇಳು ಕೋಟಿಯಲ್ಲಿ ಇನ್ನೂರು! ಆದರೆ ಅವು ಯಾವ ಕಡತದ ಅಂಗ ಎಂಬುದು ಆಗ ಯಾರಿಗೂ ತಿಳಿಯದು. ಹಳೆಯ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಇನ್ನು ಮುಂದಿನ ಶಸ್ತ್ರಕ್ರಿಯೆಯೆಲ್ಲ ನಕಲಿನ ಮೇಲೆ. ತಪ್ಪಿದರೆ ಇನ್ನೊಂದು ನಕಲು ಮಾಡಿಕೊಳ್ಳಲು ಮೂಲವಿದೆ.

ಶಿಷ್ಯ ಕುರ್ಚಿಯಿಂದ ಎದ್ದು ಹುಡುಗನನ್ನು ಅಲ್ಲಿ ಕೂರಿಸಿದ. “ನೀನೇ ಮಾಡು. ನಾನು ಹೇಳುತ್ತೇನೆ.” ಹುಡುಗನ ಬೆರಳು ನಡುಗುತ್ತಿದ್ದವು. ಟೆಸ್ಟ್‌ಡಿಸ್ಕ್ ಡಿಸ್ಕನ್ನು ಪರೀಕ್ಷಿಸಿತು. ಮೊದಲು ಮೂರು ಪಾಲುಗಳ ಹೆಸರು ಬಂದವು. ಹುಡುಕಾಟ ಮುಂದುವರಿಯಿತು. ಆಮೇಲೆ ನಾಲ್ಕನೆಯ ಸಾಲು ತಾನಾಗಿ ಮೂಡಿತು: ಲಿನಕ್ಸು, ಇಂತಲ್ಲಿಂದ ಇಂತಲ್ಲಿಯವರೆಗೆ.

“ಈಗ ಬರೆದುಬಿಡಲೇ?” ಎಂದ ಹುಡುಗ.

“ತಡೆ. ಸರ್ವೆಯವನು ಹೇಳಿದನೆಂದು ಕಲ್ಲು ನೆಡುತ್ತಾರೆಯೇ? ಒಳಗೆ ಹೋಗಿ ನೋಡಬೇಕು.”

ಹಿಂದೆಂದೋ ಇದ್ದ ಪಾಲುಗಳ ಹಳೆಯ ಗುರುತುಗಳೂ ಡಿಸ್ಕಿನಲ್ಲಿ ಉಳಿದಿರಬಹುದು. ಟೆಸ್ಟ್‌ಡಿಸ್ಕ್ ಅವನ್ನೂ ಕಂಡು ಮೋಸಹೋಗಬಹುದು. ಆದ್ದರಿಂದ ಬರೆಯುವ ಮೊದಲು ಪಿ ಎಂಬ ಅಕ್ಷರವನ್ನು ಒತ್ತಿ, ಆ ಪಾಲಿನೊಳಗಿನ ಕಡತಗಳನ್ನು ಕಣ್ಣಾರೆ ಕಾಣಬೇಕು. ಹುಡುಗ ಒತ್ತಿದ. ಹೆಸರುಗಳು ಸಾಲಾಗಿ ಬಂದವು. ಒಂದನ್ನು ತೆರೆದ, ಅದರೊಳಗಿನ ಇನ್ನೊಂದನ್ನು ತೆರೆದ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಕ್ಕಯ್ಯ’ ಎಂದಿತ್ತು. ಹುಡುಗ ಹಿಂತಿರುಗಿ ತಾತನನ್ನು ನೋಡಿದ. ಮೇಷ್ಟ್ರು ಕನ್ನಡಕವನ್ನು ತೆಗೆದು ಒರಸುತ್ತಿದ್ದರು. ಅದು ಮೊದಲೇ ಸ್ವಚ್ಛವಾಗಿತ್ತು.

ಪಟ್ಟಿಯನ್ನು ಬರೆಯುವ ಮೊದಲೇ ಅರುವತ್ತಮೂರು ಕಡತಗಳನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡರು. ಆ ಬಳಿಕ ಹುಡುಗ ನಾಲ್ಕು ಸಾಲುಗಳನ್ನೂ ಓದಿ, ಹಾಳೆಯ ಮೇಲೆ ಬರೆದುಕೊಂಡು, ಬರೆ ಎಂದು ಆಜ್ಞಾಪಿಸಿದ. ಈ ಸಲವೂ ಯಂತ್ರ ಎಚ್ಚರಿಕೆಯ ಮಾತೊಂದನ್ನು ತೋರಿಸಿತು. ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅರ್ಥವನ್ನು ಕೇಳಿ ತಿಳಿದು, ಅನಂತರ ಒಪ್ಪಿಗೆ ಕೊಟ್ಟ. ಲಿನಕ್ಸಿನ ಪಾಲನ್ನು ಬಳಕೆಗೆ ತರುವ ಮೊದಲು ಎಫ್.ಎಸ್.ಸಿ.ಕೆ. ಎಂಬ ಪರೀಕ್ಷಕನನ್ನು, ಏನನ್ನೂ ತಿದ್ದದೆ ನೋಡಿ ಹೇಳು ಎಂಬ ಷರತ್ತಿನ ಮೇಲೆ ಕಳುಹಿಸಿದರು. ದೋಷವಿಲ್ಲವೆಂದು ವರದಿ ಬಂತು. ಪೆನ್‌ಡ್ರೈವನ್ನು ಕಿತ್ತು ಯಂತ್ರವನ್ನು ಹಚ್ಚಿದಾಗ, ಎರಡು ಹೆಸರಿನ ಹಳೆಯ ಪಟ್ಟಿ ಏನೂ ಆಗಿಲ್ಲವೆಂಬಂತೆ ಬಂದು ನಿಂತಿತು.

ಶುಕ್ರವಾರದ ನೇಮ ಆ ವಾರ ಶನಿವಾರ ನಡೆಯಿತು. ಮೇಷ್ಟ್ರು ಒಂದೊಂದಾಗಿ ಹಾಡುಗಳನ್ನು ಕೇಳುತ್ತ ಹೋದರು. ಹಸೆಯ ಹಾಡು ಸರಿಯಾಗಿದೆ. ಬೀಗರ ಹಾಡಿನ ನಡುವೆ ಅಕ್ಕಯ್ಯನಿಗೆ ತನಗೇ ನಗು ಬಂದು ನಿಲ್ಲಿಸಿದ್ದು, ಅದೂ ಹಾಗೆಯೇ ಇದೆ. ನಲವತ್ತನಾಲ್ಕನೆಯದು ತೊಟ್ಟಿಲ ಹಾಡು. ಅದರ ಎರಡನೆಯ ನುಡಿಯಲ್ಲಿ ಧ್ವನಿ ಥಟ್ಟನೆ ನಿಂತಿತು. ಒಂದು ಸೆಕೆಂಡು, ಇಲ್ಲವೆ ಅದಕ್ಕಿಂತ ತುಸು ಹೆಚ್ಚು. ಮತ್ತೆ ಹಾಡು ಏನೂ ಅರಿಯದಂತೆ ಮುಂದೆ ಸಾಗಿತು. ಓದಲಾಗದೆ ಉಳಿದ ಇನ್ನೂರು ಖಾನೆಗಳು ಎಲ್ಲಿದ್ದವೆಂಬುದು ಆಗ ತಿಳಿಯಿತು.

ಮೇಷ್ಟ್ರು ಹಿಂದಕ್ಕೆ ಸರಿಸಿ ಮತ್ತೆ ಹಾಕಿದರು. ಅದೇ ಜಾಗದಲ್ಲಿ ಅದೇ ಮೌನ. “ಅದನ್ನು ತರಲು ಆಗುವುದಿಲ್ಲ ಸಾರ್. ಪಾಲುಪಟ್ಟಿಯದಾದರೆ ಬರೆಯಬಹುದು, ಇದು ನೆಲವೇ ಕುಸಿದದ್ದು” ಎಂದು ಶಿಷ್ಯ ತಗ್ಗಿದ ದನಿಯಲ್ಲಿ ಹೇಳಿದ. ಹುಡುಗನ ಮುಖ ಮತ್ತೆ ಬಾಡಿತು. ಅದು ಅವನ ತಪ್ಪಲ್ಲವೆಂದು, ಡಿಸ್ಕಿನ ಮುಪ್ಪೆಂದು, ಅವನು ಪಟ್ಟಿಯನ್ನು ಅಳಿಸದೆ ಇದ್ದಿದ್ದರೆ ಯಾರೂ ನಕಲು ಮಾಡದೆ ಇನ್ನೊಂದು ವರ್ಷದಲ್ಲಿ ಎಲ್ಲವೂ ಹೋಗುತ್ತಿತ್ತೆಂದು ಶಿಷ್ಯ ಸಮಾಧಾನ ಹೇಳಿದ. ಅದು ಸಮಾಧಾನದ ಮಾತಷ್ಟೇ ಅಲ್ಲ, ನಿಜವೂ ಆಗಿತ್ತು.

ಮೂರನೆಯ ಸಲ ಹಾಡು ಆ ಎಡೆಗೆ ಬಂದಾಗ, ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರಸುತ್ತ ನಿಂತಿದ್ದ ಮನೆಯಾಕೆ ಆ ಒಂದು ಪದವನ್ನು ತಾವೇ ಹಾಡಿದರು. ಮೌನ ಎಷ್ಟಿತ್ತೋ ಸರಿಯಾಗಿ ಅಷ್ಟೇ. ಅದೇ ಶ್ರುತಿ, ಅದೇ ತೂಗು. ಅಕ್ಕಯ್ಯನ ಧ್ವನಿ ಆಚೆಯ ದಡದಲ್ಲಿ ಹಾಡನ್ನು ಎತ್ತಿಕೊಂಡಿತು.

ಮೇಷ್ಟ್ರು ಬೆರಗಾಗಿ ತಿರುಗಿ ನೋಡಿದರು. “ನಿನಗೆ ಬರುತ್ತದೆಯೇ ಇದು?”

“ಮಗನನ್ನು ತೂಗಿದ್ದು ಯಾರೆಂದುಕೊಂಡಿರಿ? ಬಾಣಂತನಕ್ಕೆ ಬಂದ ಅಕ್ಕಯ್ಯನೇ ಹೇಳಿಕೊಟ್ಟದ್ದು. ಅರುವತ್ತಮೂರೂ ಬರುವುದಿಲ್ಲ, ಹದಿನೈದಿಪ್ಪತ್ತು ಬರುತ್ತವೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.”

ರಜೆ ಮುಗಿಯುವುದರೊಳಗೆ ಹಾಡುಗಳು ಮೂರು ಕಡೆ ನೆಲೆಯಾದವು. ಒಂದು ಪ್ರತಿ ಕಂಪ್ಯೂಟರಿನ ಹೊಸ ಡಿಸ್ಕಿನಲ್ಲಿ. ಒಂದು ಕಪಾಟಿನಲ್ಲಿಟ್ಟ ಬೇರೆಯ ಡಿಸ್ಕಿನಲ್ಲಿ. ಒಂದು ಬೆಂಗಳೂರಿನ ಮಗನ ಮನೆಯಲ್ಲಿ. ಒಂದೇ ಛಾವಣಿಯ ಕೆಳಗೆ ಎಲ್ಲವನ್ನೂ ಇಡಬಾರದೆಂಬುದು ಶಿಷ್ಯನ ಕಟ್ಟಪ್ಪಣೆ. ಪಾಲುಪಟ್ಟಿಯ ನಾಲ್ಕು ಸಾಲುಗಳನ್ನು ಹುಡುಗ ದುಂಡಗೆ ಬರೆದು, ಯಂತ್ರದ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ. ನಾಲ್ಕನೆಯ ಸಾಲಿನ ಎದುರಿಗೆ, ‘ಇದು ಖಾಲಿಯಲ್ಲ’ ಎಂದು ಕೆಂಪು ಮಸಿಯಲ್ಲಿ ಬರೆದ.

ತಂದಿದ್ದ ಆಟವನ್ನು ಅವನು ಆ ರಜೆಯಲ್ಲಿ ಆಡಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಅಂಗೈಯಗಲದ ಆ ಹಳೆಯ ಧ್ವನಿಗ್ರಾಹಕವನ್ನು ಹಿಡಿದು ಅಜ್ಜಿಯ ಮುಂದೆ ಕೂರುತ್ತಿದ್ದ. “ಸತ್ತಮೇಲೆ ಕೇಳುವುದಕ್ಕೋ?” ಎಂದು ಅಜ್ಜಿಯೂ ನಕ್ಕರು.

“ಅಲ್ಲ ಅಜ್ಜಿ, ಈಗಲೇ” ಎಂದು ಹುಡುಗ ಗುಂಡಿ ಒತ್ತಿದ.